ಪಿಚ್ಚರಕ್ಕನ ಓ

ಈಗ ಹೇಳಲಿರುವುದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಬರೀ ಕೇಳಿದ್ದೆಷ್ಟು, ಆಮೇಲೆ ನನ್ನ ತಲೆ ತಾನಾಗಿ ಹೊಲಿದು ಸೇರಿಸಿಕೊಂಡದ್ದೆಷ್ಟು ಎಂಬುದು ನನಗೆ ಖಚಿತವಿಲ್ಲ. ಒಂದು ಸಿನಿಮಾದ ದೃಶ್ಯ ಇವತ್ತಿಗೂ ಕಣ್ಣ ಮುಂದಿದೆ. ಹೊಗೆ ಹಿಡಿದ ಅಡುಗೆಮನೆ. ಅರ್ಧ ತೆರೆದ ಬಾಗಿಲು. ಒಲೆಯ ಮುಂದೆ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಕೂತಿದ್ದಾಳೆ. ಹಸಿರು ರವಿಕೆ, ಬಾಡಿದ ಮಲ್ಲಿಗೆ. ಹೊರಗಿನಿಂದ ಯಾರೋ ಯಾರನ್ನೋ ಕರೆಯುತ್ತಾರೆ. ಆಕೆ ತಿರುಗುವುದಿಲ್ಲ. ‘ಓ’ ಎನ್ನುತ್ತಾಳೆ. ಅಷ್ಟೇ. ಕ್ಯಾಮೆರಾ ಎಲ್ಲಿತ್ತು ಎಂದು ಬೇಕಾದರೂ ಹೇಳಬಲ್ಲೆ: ಹೊಸ್ತಿಲಿನ ಈಚೆ, ನೆಲಕ್ಕಿಂತ ಒಂದು ಗೇಣು ಮೇಲೆ. ಆದರೆ ಆ ದೃಶ್ಯವನ್ನು ನಾನು ಯಾವ ತೆರೆಯ ಮೇಲೂ ನೋಡಿಲ್ಲ.

ಅದನ್ನು ನನಗೆ ತೋರಿಸಿದವರು ಕಾಫಿ ಹಣ್ಣು ಕುಯ್ಯುತ್ತಿದ್ದ ಒಬ್ಬ ಹೆಂಗಸು. ಜೊತೆಯವರೆಲ್ಲ ಅವರನ್ನು ಪಿಚ್ಚರಕ್ಕ ಎನ್ನುತ್ತಿದ್ದರು. ಕಳೆದ ತಿಂಗಳು, ಆಗ ಕೆಲಸದವರ ಉಸ್ತುವಾರಿ ನೋಡುತ್ತಿದ್ದ ಹಳೆಯ ಮೇಸ್ತ್ರಿ ಫೋನ್ ಮಾಡಿ, “ರೈಟ್ರೇ, ಪಿಚ್ಚರಕ್ಕ ಹೋದ್ರು ಮಾರಾಯ್ರೆ” ಎಂದರು. ನಾನು ಕಾಫಿ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿದೆ, ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮೇಸ್ತ್ರಿಗೆ ಮಾತ್ರ ನಾನಿನ್ನೂ ರೈಟ್ರೇ. ಫೋನ್ ಇಟ್ಟ ಮೇಲೆ ಅವರ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು ಆ ಹಸಿರು ರವಿಕೆಯ ಬೆನ್ನು.

ತೊಂಬತ್ತರ ದಶಕದ ನಡುವಿನಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ ಕಾಲು ನಿಲ್ಲದೆ ಅಲೆಯುತ್ತಿದ್ದೆ. ಸಂಬಂಧಿಕರೊಬ್ಬರು ಹಿಡಿದು ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯ ಒಳಭಾಗದ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸಕ್ಕೆ ಹಾಕಿದರು. ಬೆಳಿಗ್ಗೆ ಹಾಜರಿ ಕೂಗುವುದು, ಯಾರು ತೋಟದ ಯಾವ ಬ್ಲಾಕಿಗೆ ಎಂದು ಬರೆದುಕೊಳ್ಳುವುದು, ಸಂಜೆ ಹಣ್ಣು ತೂಗುವಲ್ಲಿ ನಿಲ್ಲುವುದು. ಒಂದು ಸೂಟ್‌ಕೇಸಿನ ತುಂಬ ಪುಸ್ತಕ ತಂದಿದ್ದೆ. ದೆವ್ವ ಇಲ್ಲ, ಭೂತ ಇಲ್ಲ, ಮೈಮೇಲೆ ಬರುವುದೆಲ್ಲ ಮನಸ್ಸಿನ ಕಾಯಿಲೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಮೇಸ್ತ್ರಿ ಒಂದು ದಿನ ಬೀಡಿ ಆರಿಸಿ, “ನೀವು ಹೇಳೋದೆಲ್ಲ ಸರಿ ರೈಟ್ರೇ. ಆದ್ರೆ ಇಲ್ಲದೇ ಇರೋದರ ಬಗ್ಗೆ ನಮಗಿಂತ ನೀವೇ ಜಾಸ್ತಿ ಮಾತಾಡ್ತೀರಲ್ಲ” ಎಂದಿದ್ದರು.

ಪಿಚ್ಚರಕ್ಕನಿಗೆ ಆಗ ಐವತ್ತರ ಆಸುಪಾಸು. ಕುಳ್ಳಗೆ, ಗಟ್ಟಿಮುಟ್ಟು. ತಲೆಗೆ ಗಂಡಸರ ಹಳೇ ಟವೆಲ್ ಬಿಗಿಯುತ್ತಿದ್ದರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳು ಘಟ್ಟದ ಕೆಳಗೆ ಮದುವೆಯಾಗಿ ಹೋಗಿದ್ದಳು. ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ತುದಿಯ ಒಂದು ಕೋಣೆ ಅವರದು. ಅಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು.

ಭಾನುವಾರ ಉಳಿದ ಹೆಂಗಸರು ಬಟ್ಟೆ ಒಗೆದು, ತಲೆ ಬಾಚಿ, ಹತ್ತಿರದ ಸಂತೆಗೆ ಹೋಗಿ ಬರುವರು. ಇವರು ಮಾತ್ರ ಒಬ್ಬರೇ ಮೂಡಿಗೆರೆಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದರು. ಅದರಲ್ಲೂ ದೆವ್ವದ ಸಿನಿಮಾ ಬಂದರೆ ಜ್ವರವಿದ್ದರೂ ಹೋಗಬೇಕು. ಸೋಮವಾರ ಬೆಳಿಗ್ಗೆ ಗಿಡಗಳ ಸಾಲಿಗೆ ಇಳಿದ ಕೂಡಲೇ ಕತೆ ಶುರು.

ಕುಯ್ಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಗಿಡ ಎದೆಮಟ್ಟ, ಮೇಲೆ ಮಂಜು, ಪಕ್ಕದವರ ತಲೆ ಕೂಡ ಕಾಣದು. ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಣ್ಣು ಬೀಳುವ ಸದ್ದು, ಕೊಂಬೆ ಬಾಗಿಸಿ ಬಿಡುವ ಸದ್ದು, ಇಷ್ಟರಿಂದಲೇ ಪಕ್ಕದಲ್ಲಿ ಮನುಷ್ಯರಿದ್ದಾರೆ ಎಂದು ಗೊತ್ತಾಗಬೇಕು. ಹಾಗಾಗಿ ಅಲ್ಲಿ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಪಿಚ್ಚರಕ್ಕನ ದನಿ ಅದಕ್ಕೆ ಹೇಳಿ ಮಾಡಿಸಿದ್ದು. ಗಟ್ಟಿಯಲ್ಲ, ಆದರೆ ಎಂಟು ಸಾಲು ದಾಟುತ್ತಿತ್ತು. ಅವರ ಅಕ್ಕಪಕ್ಕದ ಸಾಲು ಸಿಗಲಿ ಎಂದು ಹೆಂಗಸರು ಜಗಳವಾಡಿದ್ದನ್ನು ಕಂಡಿದ್ದೇನೆ. ಹಿಂದೆ ಬಿದ್ದರೆ ಕತೆ ತಪ್ಪುತ್ತದೆಂದು ಎಲ್ಲರ ಕೈಯೂ ಚುರುಕು.

ಹತ್ತು ಗಂಟೆಯ ಚಹಾಕ್ಕೆ ಅವರು, “ಈಗ ಇಂಟ್ರೋಲು” ಎನ್ನುವರು. ಎಷ್ಟು ಕಾಡಿದರೂ ಚಹಾ ಮುಗಿಯುವ ತನಕ ಮುಂದಿನದು ಇಲ್ಲ. ಆಮೇಲೆ ಶುರುವಾಗುವುದೇ ನಿಜವಾದ ಕತೆ. ಹೆದರಿಕೆಯ ಜಾಗ ಹತ್ತಿರ ಬರುತ್ತಿದ್ದ ಹಾಗೆ ಅವರ ಕೈ ನಿಧಾನವಾಗುತ್ತಿತ್ತು, ಚೀಲಕ್ಕೆ ಬೀಳುವ ಹಣ್ಣಿನ ಸದ್ದು ಬಿಡಿಬಿಡಿಯಾಗಿ ಕೊನೆಗೆ ನಿಂತೇಹೋಗುತ್ತಿತ್ತು. ಅದರ ಹಿಂದೆಯೇ ಪಕ್ಕದ ಸಾಲಿನ ಸದ್ದು, ಅದರಾಚೆಯದು. ಇಡೀ ಗುಡ್ಡ ಉಸಿರು ಹಿಡಿದ ಹಾಗೆ. “ಕೈ ಆಡ್ಲಿ, ಕೈ ಆಡ್ಲಿ!” ಎಂದು ಮೇಸ್ತ್ರಿ ಕೂಗುವರು, ಕೂಗುತ್ತಲೇ ತಾವೂ ಎರಡು ಹೆಜ್ಜೆ ಹತ್ತಿರ ಬರುವರು. ನಾನು ಗಿಡದ ರೋಗ ನೋಡುವವನ ಹಾಗೆ ಎಲೆ ಮಗುಚುತ್ತ ನಿಂತಿರುತ್ತಿದ್ದೆ.

ಒಮ್ಮೆ ಜೀಪಿನ ಡ್ರೈವರ್, ತಾನೂ ಆ ಸಿನಿಮಾ ನೋಡಿದ್ದೇನೆ, ಕೊನೆ ಹೀಗಿಲ್ಲವೇ ಇಲ್ಲ ಎಂದು ತಕರಾರು ತೆಗೆದ.

“ಎಷ್ಟನೇ ಸಾಲಲ್ಲಿ ಕೂತಿದ್ದೆ?” ಎಂದರು ಪಿಚ್ಚರಕ್ಕ.

“ಬಾಲ್ಕನೀಲಿ.”

“ಅದಕ್ಕೇ ಮತ್ತೆ. ಮೆತ್ತನೆ ಸೀಟು. ನಿದ್ದೆ ಬಂದಿದೆ ನಿಂಗೆ.”

ಹೆಂಗಸರು ನಕ್ಕ ನಗೆಗೆ ಅವನು ಜೀಪು ಹತ್ತಿ ಹೊರಟುಹೋದ.

ನಾನು ಅವರನ್ನು ಹಿಡಿದು ಕೇಳಿದ್ದೂ ಉಂಟು: “ಅಕ್ಕ, ನಿಜ ಹೇಳಿ, ದೆವ್ವ ಇದೆ ಅಂತ ನಂಬ್ತೀರಾ?”

“ಇದ್ದಿದ್ರೆ ಸಿನಿಮಾಕ್ಕೆ ಯಾಕೆ ಹೋಗ್ಬೇಕು ರೈಟ್ರೇ? ಮನೇಲೇ ಕೂರ್ಬಹುದಿತ್ತು.”

ಇದನ್ನು ಅವರು ಹೇಳಿದ್ದು ನನಗೋ, ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ನನ್ನದು ಮಾಡಿಕೊಂಡೆನೋ, ತಿಳಿಯದು. ದನಿ ಮಾತ್ರ ಅವರದೇ.

ಅವರಿಗೆ ಹೆದರಿಕೆ ಇದ್ದದ್ದು ಇಂಜೆಕ್ಷನ್ನಿಗೆ. ಲೈನಿಗೆ ನರ್ಸ್ ಬಂದ ದಿನ ಕಾಡು ಸೇರುತ್ತಿದ್ದರು.

ಡಿಸೆಂಬರಿನ ಒಂದು ಸೋಮವಾರ ಅವರು ‘ಓ’ ಎನ್ನುವ ಸೊಸೆಯ ಕತೆ ಹೇಳಿದರು.

ದೊಡ್ಡ ಮನೆ. ಒಬ್ಬಳು ಸೊಸೆ. ಬೆಳಗಾದರೆ ಮನೆಯವರೆಲ್ಲ ಅವಳನ್ನು ಕರೆಯುವವರೇ. ಏಯ್, ನೀರು ತಾ. ಏಯ್, ಕರು ಕಟ್ಟು. ಅವಳು ಎಲ್ಲದಕ್ಕೂ ಓ. ಒಂದು ದಿನ ಕೆಂಡದಂಥ ಜ್ವರ. ಆಗಲೂ ಅತ್ತೆ ಕರೆಯುತ್ತಾಳೆ. ಮಲಗಿದಲ್ಲಿಂದಲೇ ಮೂರು ಸಲ ಓ ಎಂದು ಸೊಸೆ ಸತ್ತುಹೋಗುತ್ತಾಳೆ. ಅಲ್ಲಿಗೆ ಇಂಟ್ರೋಲು.

ಚಹಾ ಆದ ಮೇಲೆ: ಅವಳು ಸತ್ತಳು, ಅವಳ ಓ ಸಾಯಲಿಲ್ಲ. ತಿಂಗಳು ಕಳೆದು ಅತ್ತೆ ಎರಡನೇ ಸೊಸೆಯನ್ನು ‘ಏಯ್’ ಎಂದು ಕರೆದರೆ, ಅವಳು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ‘ಓ’ ಎಂದು ಕೇಳಿಸುತ್ತದೆ. ಎರಡನೇ ಸೊಸೆಯದೇ ದನಿ. ಆದರೆ ಎರಡನೇ ಸೊಸೆ ಅಂಗಳದಲ್ಲಿದ್ದಾಳೆ. ಆಮೇಲೆ ಅವಳು ಬಾಯಿ ತೆರೆದರೆ ದನಿ ಇಲ್ಲ. “ಎರಡನೇಯವಳ ಓ ಸತ್ತವಳ ಹತ್ರ ಹೋಯ್ತು. ಓ ಹೋದ ಮೇಲೆ ಮನುಷ್ಯಂದು ಎಂತ ಉಳೀತದೆ? ಒಂದು ವಾರಕ್ಕೆ ಅವಳೂ ಹೋದ್ಲು.” ಹೀಗೆ ಒಬ್ಬೊಬ್ಬರದಾಗಿ ಇಡೀ ಮನೆಯ ಓ ಅಡುಗೆಮನೆಗೆ ಸೇರುತ್ತದೆ. ಕೊನೆಯಲ್ಲಿ ಅತ್ತೆ ಒಬ್ಬಳೇ. ಕರೆಯಲು ಮನೆಯಲ್ಲಿ ಯಾರೂ ಇಲ್ಲ. ತಡೆಯಲಾರದೆ ಒಂದು ಸಲ ಕರೆಯುತ್ತಾಳೆ. ಅಡುಗೆಮನೆಯಿಂದ ಹತ್ತು ದನಿ ಒಟ್ಟಿಗೆ: ಓ.

ಪಿಚ್ಚರಕ್ಕ ಆ ಓ ಎಂದ ರೀತಿ ವಿಚಿತ್ರವಾಗಿತ್ತು. ಕಿರುಚಲಿಲ್ಲ, ನಡುಗಿಸಲಿಲ್ಲ. ಕೆಲಸದ ನಡುವೆ ಯಾರೋ ಕರೆದರೆ ಅನ್ನುವ ಸಾದಾ ಓ. ಅದಕ್ಕೇ ಅದು ಯಾರಿಗೂ ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಕಣದ ಬಳಿ ನಿಂತೆ. ಕಣವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಹಾಜರಿಗೆ ಓ ಎಂದೇ ಹೇಳಬೇಕು, ಕೈ ಎತ್ತಿದರೆ ಆಗದು ಎಂದು ಎಸ್ಟೇಟಿನ ಯಜಮಾನರಾದ ಗೌಡರ ಕಟ್ಟಪ್ಪಣೆ ಇತ್ತು. ಹಿಂದೊಮ್ಮೆ ಮಂಜಿನಲ್ಲಿ ಯಾರದೋ ಕೈಗೆ ಯಾರದೋ ಹಾಜರಿ ಬಿದ್ದಿತ್ತಂತೆ.

“ಸುಶೀಲಾ.”

ಸುಶೀಲಾ ಎದುರಿಗೇ ಇದ್ದಳು. ಕೈ ಎತ್ತಿದಳು.

“ಬಾಯಲ್ಲಿ ಹೇಳಮ್ಮ.”

ಇನ್ನೊಂದು ಕೈಯನ್ನೂ ಎತ್ತಿದಳು.

ಮೂವತ್ತೆರಡು ಹೆಂಗಸರು, ಒಬ್ಬರ ಬಾಯಿಂದಲೂ ಓ ಇಲ್ಲ. ನನಗೆ ರೇಗಿತು. ನಾನು ಕಲಿತ ವಿದ್ಯೆಗೇ ಯಾರೋ ಸವಾಲು ಹಾಕಿದ ಹಾಗೆ ಅನಿಸಿತು. ಸಾಮೂಹಿಕ ಭ್ರಮೆ ಎಂದರೇನು ಎಂದು ಐದು ನಿಮಿಷ ಭಾಷಣ ಮಾಡಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಕೊನೆಗೆ ಮೇಸ್ತ್ರಿ ಕಿವಿಯ ಹತ್ತಿರ ಬಂದು, “ಬಿಡಿ ಮಾರಾಯ್ರೆ, ಬಿಸಿಲು ಬಂತು. ‘ಬಂದಿದೀನಿ’ ಅಂತ ಹೇಳಿದ್ರೆ ಸಾಕಲ್ಲ?” ಎಂದರು. ಹಾಗೇ ಆಯಿತು. ಬಂದಿದೀನಿ, ಬಂದಿದೀನಿ, ಬಂದಿದೀನಿ. ಪಿಚ್ಚರಕ್ಕನ ಸರದಿ ಬಂದಾಗ ಅವರೊಬ್ಬರೇ ಓ ಎಂದರು. ಉಳಿದವರು ಒಂದು ಹೆಜ್ಜೆ ಹಿಂದೆ ಸರಿದರು.

ಇದು ಬರೀ ತಮಾಷೆಯಾಗಿ ಉಳಿಯಲಿಲ್ಲ. ಬುಧವಾರ ಮಂಜು ದಟ್ಟವಾಗಿತ್ತು. ಹೊಳೆಯ ಕಡೆಯ ಬ್ಲಾಕಿನಲ್ಲಿ ಗಿರಿಜಾ ಎಂಬ ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿ ಕಾಣಿಸಲಿಲ್ಲ. ನೀರಿಂಗಲೆಂದು ಗಿಡಗಳ ನಡುವೆ ತೋಡುವ ತೊಟ್ಟಿಲುಗುಂಡಿಗೆ ಕಾಲು ಜಾರಿ ಬಿದ್ದಿದ್ದಳು. ಅದು ನಮಗೆ ಗೊತ್ತಿಲ್ಲ. “ಗಿರ್ಜೀ! ಏಯ್ ಗಿರ್ಜೀ!” ಎಂದು ಎಲ್ಲರೂ ಕೂಗಿದ್ದೇ ಕೂಗಿದ್ದು. ಉತ್ತರವಿಲ್ಲ. ಆ ವಾರ ಆನೆ ಆಚೆಯ ಗುಡ್ಡದಲ್ಲಿದೆ ಎಂಬ ಸುದ್ದಿ ಬೇರೆ ಇತ್ತು. ಸುಶೀಲಾ ಅಳಲು ಶುರು ಮಾಡಿದಳು. ಕುಯ್ಲು ಬಿಟ್ಟು ಒಂದು ಗಂಟೆಯ ಮೇಲೆ ಹುಡುಕಿದೆವು. ಸಿಕ್ಕಿದಳು, ನಾವು ಮೊದಲು ನಿಂತು ಕೂಗಿದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಊದಿದ ಕಾಲು ಹಿಡಿದು, ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು.

“ಕರೆದದ್ದು ಕೇಳಿಸ್ಲಿಲ್ವೇನೇ?” ಎಂದರು ಮೇಸ್ತ್ರಿ.

“ಕೇಳಿಸ್ತು.”

“ಮತ್ತೆ ಓ ಅನ್ಲಿಕ್ಕೆ ಎಂತ ದಾಡಿ ನಿಂಗೆ?”

“ನಾನು ಓ ಅನ್ನೋಕ್ ಮುಂಚೆ ಅವಳು ಅಂದಿದ್ರೆ?”

ಯಾರೂ ನಗಲಿಲ್ಲ. ಪಿಚ್ಚರಕ್ಕ ಗುಂಡಿಗೆ ಇಳಿದು ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ತಮ್ಮ ಟವೆಲ್ ಬಿಚ್ಚಿ ಸುತ್ತಿದರು. ಗಂಟು ಎರಡು ಸಲ ತಪ್ಪಿತು. ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಹಣ್ಣು ಕುಯ್ಯುವಾಗ ಅಷ್ಟು ನಿಖರವಾದ ಕೈ ಬೇರೆ ಇರಲಿಲ್ಲ.

ಮಧ್ಯಾಹ್ನ ಗೌಡರ ಜೀಪು ಕಣಕ್ಕೆ ಬಂತು. ಹೊಳೆ ಬ್ಲಾಕಿಗೆ ಇನ್ನು ಹೋಗುವುದಿಲ್ಲ ಎಂದು ಹೆಂಗಸರು ಹೇಳಿದ್ದರು. ಅಲ್ಲಿಯ ಅರೇಬಿಕಾ ಕಾಫಿ ಪೂರಾ ಹಣ್ಣಾಗಿ ಉದುರುತ್ತಿತ್ತು.

“ಯಾರಯ್ಯ ಆ ಕತೆ ಹೇಳಿದ್ದು?” ಎಂದರು ಗೌಡರು.

ಇಲ್ಲಿ ನನ್ನ ನೆನಪಿನಲ್ಲಿ ಒಂದು ತೂತಿದೆ. ಗೌಡರ ಪ್ರಶ್ನೆ ನೆನಪಿದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಶುರುವಾದದ್ದು ನೆನಪಿದೆ. ಅದಾದ ಮೇಲೆ ಗೌಡರ ಬಾಯಲ್ಲಿ ಪಿಚ್ಚರಕ್ಕನ ನಿಜವಾದ ಹೆಸರು ಬಂದದ್ದು ನೆನಪಿದೆ. ನಡುವೆ ಆ ಹೆಸರನ್ನು ಯಾರು ಅವರಿಗೆ ಕೊಟ್ಟರು? ನಾನು ಸುಮ್ಮನೆ ನಿಂತಿದ್ದೆ, ಮೇಸ್ತ್ರಿಯೇ ಹೇಳಿದರು ಎಂದು ವರ್ಷಗಟ್ಟಲೆ ನಂಬಿದ್ದೆ. ಕಳೆದ ತಿಂಗಳು ಫೋನಿನಲ್ಲಿ ಕೇಳಿದಾಗ ಮೇಸ್ತ್ರಿ, “ನೀವೇ ಅಲ್ವಾ ರೈಟ್ರೇ? ‘ಅವರದ್ದೇನೂ ತಪ್ಪಿಲ್ಲ ಗೌಡ್ರೇ’ ಅಂತ ಶುರು ಮಾಡಿ ಹೆಸರು ಹೇಳಿಬಿಟ್ರಲ್ಲ” ಎಂದರು. ನನ್ನ ಮಾತಿನ ಧಾಟಿ ನನಗೆ ಗೊತ್ತು. ಹಾಗೆಯೇ ಹೇಳಿರುತ್ತೇನೆ.

ಗೌಡರು ಕೆಟ್ಟವರಲ್ಲ. ಆದರೆ ಕುಯ್ಲಿನ ತಿಂಗಳಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. “ನಾಳೆ ಹಾಜರಿ ಹೊತ್ತಿಗೆ ನಾನೂ ಬರ್ತೀನಿ. ಎಲ್ಲರ ಎದುರು ನಿಂತು, ನಾನು ಹೇಳಿದ್ದು ಸುಳ್ಳು ಅಂತ ಅವಳು ಹೇಳ್ಲಿ. ಇಲ್ಲಾಂದ್ರೆ ಲೈನ್ ಖಾಲಿ ಮಾಡ್ಲಿ.”

ಇದನ್ನು ತಿಳಿಸುವ ಕೆಲಸ ನನಗೆ ಬಿತ್ತು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಗಿತ್ತು. ಸುಳ್ಳು ಎಂದು ಒಂದು ಮಾತು ಹೇಳುವುದು ಎಷ್ಟರದು? ಸತ್ಯವೂ ಅದೇ ತಾನೇ? ಕೆಲಸ ಬಿಟ್ಟ ಮೇಲೆ, ಬೆಳಕಿರುವಾಗಲೇ ಲೈನಿಗೆ ಹೋದೆ. ಅವರು ಹಂಡೆಯ ಒಲೆಗೆ ಸೌದೆ ತಳ್ಳುತ್ತಿದ್ದರು. ಬೆಲ್ಲದ ಕಾಫಿ ಕೊಟ್ಟರು. ನಾನು ವಿಷಯ ಹೇಳಿದೆ.

“ಸುಳ್ಳು ಅಂತ ಹೇಳ್ಬೇಕಾ?”

“ಸಿನಿಮಾ ಅಂದ್ರೇ ಸುಳ್ಳಲ್ವಾ ಅಕ್ಕ. ಬಣ್ಣ ಹಚ್ಕೊಂಡು ಮಾಡೋದು. ಅಷ್ಟು ಹೇಳಿ ಸಾಕು.”

“ಸಿನಿಮಾ ಸುಳ್ಳು ಅಂತ ಅವರಿಗೆ ಗೊತ್ತಿಲ್ವಾ ರೈಟ್ರೇ? ಗಿರಿಜಾಗೂ ಗೊತ್ತುಂಟು. ಗೌಡ್ರು ಕೇಳ್ತಿರೋದು ಅದಲ್ಲ. ‘ನಾನು’ ಸುಳ್ಳು ಅಂತ ಹೇಳ್ಬೇಕು ಅಂತಾರೆ.” ಒಲೆಯನ್ನೇ ನೋಡುತ್ತ ಹೇಳಿದರು: “ಇಷ್ಟು ವರ್ಷ ಹೇಳಿದ್ದೆಲ್ಲ ಏನಾಗ್ತದೆ? ಸೋಮವಾರ ನಾನು ಬಾಯಿ ತೆರೆದ್ರೆ ಯಾರು ಕಿವಿ ಕೊಡ್ತಾರೆ?”

“ಲೈನ್ ಬಿಟ್ರೆ ಎಲ್ಲಿಗೆ ಹೋಗ್ತೀರಿ?”

“ಅದೇ ಗೊತ್ತಾಗ್ತಿಲ್ಲ. ಮಗಳ ಮನೇಲಿ ಅವರಿಗೇ ಕಾಲು ನೀಡಲಿಕ್ಕೆ ಜಾಗ ಇಲ್ಲ.”

ನಾನು ಮತ್ತೆ ವಾದ ಮಾಡಿದೆ. ಗಿರಿಜಾಗೆ ಇನ್ನೂ ಕೆಟ್ಟದ್ದೇನಾದರೂ ಆಗಿದ್ದರೆ ಎಂದೆ. ಅದು ಅವರಿಗೆ ನಾಟಿತು. ಸೌದೆ ಹಿಡಿದ ಕೈ ನಿಂತಿತು. ಅದನ್ನು ಕೆಳಗಿಟ್ಟು, “ಅವಳ ಹೆದರಿಕೆ ನಾನು ಹಾಕಿದ್ದು. ನಾನೇ ತೆಗೀಬೇಕು” ಎಂದರು. ಸುಳ್ಳು ಎಂದು ಹೇಳಲು ಒಪ್ಪಿದರು ಎಂದೇ ತಿಳಿದು ನಾನು ಎದ್ದುಬಂದೆ.

ಗುರುವಾರ ಬೆಳಿಗ್ಗೆ ಗೌಡರು ಜೀಪಿಗೆ ಒರಗಿ ನಿಂತಿದ್ದರು. ಗಿರಿಜಾ ಕೋಲು ಊರಿಕೊಂಡು ಬಂದಿದ್ದಳು, ಕೆಲಸಕ್ಕಲ್ಲ, ನೋಡಲು. ನಾನು ಪಿಚ್ಚರಕ್ಕನ ಹೆಸರನ್ನೇ ಮೊದಲು ಕೂಗಿದೆ.

“ಓ” ಎಂದು ಅವರು ಮುಂದೆ ಬಂದರು. ಹೆಂಗಸರ ಕಡೆ ತಿರುಗಿದರು.

“ಸೋಮವಾರ ಕತೆ ಪೂರಾ ಮಾಡ್ಲಿಲ್ಲ ನಾನು. ಗಂಟೆ ಆಗಿತ್ತು, ಹಣ್ಣು ಹೊರೋದಿತ್ತು, ಕೊನೇದು ಬಿಟ್ಟುಹೋಯ್ತು. ಅದು ನಂದು ತಪ್ಪು.”

ಗೌಡರು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ.

“ಆ ಸೊಸೆಗೆ ಆ ಮನೇಲಿ ಹೆಸರೇ ಇರ್ಲಿಲ್ಲ ಕಣ್ರೇ. ನೆನಪು ಮಾಡ್ಕೊಳ್ಳಿ, ನಾನು ಹೆಸರು ಹೇಳಿದ್ನಾ? ಇಲ್ಲ. ಏಯ್ ಅಂತಿದ್ರು, ಇವಳೇ ಅಂತಿದ್ರು. ಸತ್ತ ಮೇಲೂ ಯಾರಾದ್ರೂ ಏಯ್ ಅಂದ್ರೆ ತನ್ನನ್ನೇ ಅಂದ್ಕೊಂಡು ಓ ಅಂತಾಳೆ. ಪಾಪ, ಅಭ್ಯಾಸ. ಕೊನೇಲಿ ಏನಾಗ್ತದೆ, ಅವಳ ಅವ್ವ ಊರಿಂದ ಬರ್ತಾಳೆ. ಹೊಸ್ತಿಲಲ್ಲಿ ನಿಂತು, ತೊಟ್ಟಿಲಿಗೆ ಹಾಕಿದ ದಿನ ಇಟ್ಟ ಹೆಸರು ಹಿಡಿದು ಪೂರ್ತಿಯಾಗಿ ಕರೀತಾಳೆ. ಓ ಅವ್ವ, ಅಂತ ಅವಳು ಎದ್ದು ಹೊರಗೆ ಬಂದು ಅವ್ವನ ಹಿಂದೇನೇ ನಡೆದುಬಿಡ್ತಾಳೆ. ಮುಗೀತು.”

ಯಾರೋ ಮೂಗೆಳೆದರು. ಗಿರಿಜಾ ಇರಬೇಕು.

“ಹಂಗಾಗಿ,” ಎಂದು ಪಿಚ್ಚರಕ್ಕ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು, “ಅಪ್ಪ ಅವ್ವ ಇಟ್ಟ ಹೆಸರು ಹಿಡಿದು ಕರೆದ್ರೆ ಧೈರ್ಯವಾಗಿ ಓ ಅನ್ನಿ, ಏನೂ ಆಗೋದಿಲ್ಲ. ಆ ಹೆಸರು ತನ್ನದಲ್ಲ ಅಂತ ಅವಳಿಗೂ ಗೊತ್ತಾಗ್ತದೆ. ಏಯ್ ಅಂತ ಕರೆದ್ರೆ ಮಾತ್ರ ಓ ಅನ್ಬೇಡಿ. ಯಾರೇ ಕರೀಲಿ.”

ನಾನು ಪುಸ್ತಕ ನೋಡಿ ಸುಶೀಲಾ ಎಂದೆ. “ಓ!” ಎಂದಳು ಸುಶೀಲಾ. ಆಮೇಲೆ ಒಂದರ ಹಿಂದೆ ಒಂದು ಓ. ಅಷ್ಟು ಜೋರಾದ ಹಾಜರಿಯನ್ನು ನಾನು ಮತ್ತೆ ಕೇಳಲಿಲ್ಲ. ಗಿರಿಜಾ ಕೆಲಸಕ್ಕೆ ಬಂದಿರಲಿಲ್ಲವಾದರೂ ಅವಳ ಹೆಸರನ್ನು ಕೂಗಿದೆ, ಊದಿದ ಕಾಲಿನಲ್ಲೇ ನಿಂತು ಓ ಎಂದಳು.

ಗೌಡರಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. “ಏಯ್, ಆಯ್ತಲ್ಲ, ಹೊಳೆ ಬ್ಲಾಕಿಗೆ ನಡೀರೇ ಮತ್ತೆ” ಎಂದರು.

ಒಬ್ಬರೂ ಅಲ್ಲಾಡಲಿಲ್ಲ.

“ಏಯ್, ನೀನೇ. ಕೆಂಪು ಸೀರೆ. ನಡಿ ಮುಂದೆ.”

ಕೆಂಪು ಸೀರೆಯ ಹೆಂಗಸು ಆಕಾಶ ನೋಡಿದಳು. ಪಿಚ್ಚರಕ್ಕ ಟವೆಲ್ ಬಿಗಿದುಕೊಳ್ಳುತ್ತಿದ್ದರು, ಏನೂ ಗೊತ್ತಿಲ್ಲದವರ ಹಾಗೆ. ಗೌಡರು ನನ್ನ ಕಡೆ ಬಾಗಿ, “ಇವಳ ಹೆಸರೇನಯ್ಯ?” ಎಂದು ಮೆಲ್ಲಗೆ ಕೇಳಿದರು. ಹನ್ನೊಂದು ವರ್ಷದಿಂದ ಅವರ ತೋಟದಲ್ಲೇ ದುಡಿಯುತ್ತಿದ್ದವಳು ಅವಳು. ನಾನು ಹೇಳಿದೆ. ಅವರು ಗಂಟಲು ಸರಿಮಾಡಿಕೊಂಡು ಆ ಹೆಸರು ಕರೆದರು.

“ಓ” ಎಂದು ಅವಳು ಹೊಳೆಯ ಕಡೆ ಹೆಜ್ಜೆ ಹಾಕಿದಳು. ಉಳಿದವರು ಹಿಂದೆ.

ಗೌಡರು ಪಿಚ್ಚರಕ್ಕನನ್ನು ಒಮ್ಮೆ ದಿಟ್ಟಿಸಿ ನೋಡಿದರು. ಸುಳ್ಳು ಎಂಬ ಮಾತು ಬಂದಿರಲಿಲ್ಲ. ಆದರೆ ಬ್ಲಾಕಿಗೆ ಜನ ಇಳಿದಿದ್ದರು. ಜೀಪು ಹತ್ತಿ ಹೋದರು. ಲೈನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪಿಚ್ಚರಕ್ಕ ಸಾಯುವ ತನಕ ಆ ತುದಿಯ ಕೋಣೆಯಲ್ಲೇ ಇದ್ದರು ಎಂದು ಮೇಸ್ತ್ರಿ ಹೇಳಿದರು.

ನಾನು ಅಲ್ಲಿದ್ದದ್ದು ಆಮೇಲೆ ಒಂದೂವರೆ ವರ್ಷ. ಅಷ್ಟೂ ದಿನ ಆ ತೋಟದಲ್ಲಿ ‘ಏಯ್’ಗೆ ಯಾರೂ ಓಗೊಡಲಿಲ್ಲ. ಮೇಸ್ತ್ರಿ ಬಾಯಿತಪ್ಪಿ ಏಯ್ ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು ಹೆಸರು ಹುಡುಕುತ್ತ ನಿಂತಿರುವುದನ್ನು ನೋಡಲು ಹೆಂಗಸರಿಗೆ ಖುಷಿ. ಗೌಡರು ಒಂದು ಬೆಳಿಗ್ಗೆ ಹಾಜರಿ ಪುಸ್ತಕ ಕೇಳಿ ಪಡೆದು ಜೀಪಿನಲ್ಲಿ ಕೂತು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಪರೀಕ್ಷೆಗೆ ಕೂರುವ ಹುಡುಗನ ಹಾಗೆ.

ಹೆದರಿಕೆ ಹೋದದ್ದು ಹೆಂಗಸರದು. ನನ್ನದು ಹೋಗಲಿಲ್ಲ. ನಾನು ಓದಿದ ಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ, ಕಾರಣವಿದೆ, ತರಗತಿಯಲ್ಲಿ ಅದನ್ನು ಪಾಠ ಮಾಡಿಯೂ ಇದ್ದೇನೆ. ಆದರೂ ಪಕ್ಕದ ಕೋಣೆಯಿಂದ ಯಾರಾದರೂ ಹೆಸರಿಲ್ಲದೆ ಕರೆದರೆ ಬಾಯಿಗೆ ಬಂದ ಓ ಹಲ್ಲಿನ ಹಿಂದೆಯೇ ನಿಲ್ಲುತ್ತದೆ. ಒಂದು ಗಳಿಗೆ ಕಿವಿಗೊಟ್ಟು ಕಾಯುತ್ತೇನೆ, ಬೇರೆ ಕಡೆಯಿಂದ ಮೊದಲೇ ಕೇಳಿಸಿತೋ ಎಂದು. ಹೆಂಡತಿ ನನ್ನನ್ನು ಕರೆಯುವುದು ‘ರೀ’ ಎಂದು. ನನಗೆ ಕಿವಿ ಮಂದ ಎಂದು ಅವಳು ನೆಂಟರಲ್ಲೆಲ್ಲ ಹೇಳಿದ್ದಾಳೆ. ನಾನು ತಿದ್ದಿಲ್ಲ.

ಎರಡು ಸಾವಿರದ ಮೇಲೆ ಸಿ.ಡಿ. ಅಂಗಡಿಗಳು ಬಂದಾಗ ಆ ಸಿನಿಮಾವನ್ನು ಹುಡುಕಿದೆ. ಸಂಶಯವಿದ್ದರೆ ಮೂಲ ನೋಡಬೇಕು ಎಂದು ಕಲಿತವನಲ್ಲವೇ. ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಸಿಕ್ಕಿತು, ಅದೇ ಎಂದು ಬಹುಮಟ್ಟಿಗೆ ಹೇಳಬಲ್ಲೆ. ದೊಡ್ಡ ಮನೆ ಇತ್ತು. ದುಡಿಯುವ ಸೊಸೆ ಇದ್ದಳು. ಜ್ವರ ಬಂತು, ಅತ್ತೆ ಕರೆದಳು, ಸೊಸೆ ಸತ್ತಳು, ತೆರೆಯ ಮೇಲೆ ಮಧ್ಯಂತರ ಎಂದು ಬಂತು. ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಮುಂದೆ ಬಂದದ್ದು ಒಬ್ಬ ಮಂತ್ರವಾದಿ, ನಿಂಬೆಹಣ್ಣು, ಮೂರು ಹಾಡು, ಬಿಳಿ ಸೀರೆಯಲ್ಲಿ ಹಾರಾಡುವ ನಾಯಕಿ. ಹಸಿರು ರವಿಕೆ ಇಲ್ಲ. ಅಡುಗೆಮನೆ ಇಲ್ಲ. ಅವ್ವ ಬರುವುದಿಲ್ಲ. ಇಡೀ ಸಿನಿಮಾದಲ್ಲಿ ಒಂದು ಓ ಇಲ್ಲ. ಬೇರೆ ಸಿನಿಮಾ ತಂದಿರಬೇಕು, ಅಥವಾ ಅವರು ಎರಡು ಮೂರನ್ನು ಬೆರೆಸಿ ಹೇಳಿರಬೇಕು, ಅಥವಾ ನಾನೇ ಬೆರೆಸಿಕೊಂಡಿರಬೇಕು ಎಂದುಕೊಂಡೆ. ಹೋಗಿ ಅವರನ್ನೇ ಕೇಳಿಬಿಡೋಣ ಎಂದು ಎರಡು ಸಲ ಹೊರಟು, ಏನು ಕೇಳುವುದೆಂದು ತಿಳಿಯದೆ ಬಿಟ್ಟೆ. ಕೇಳಿದ್ದರೆ, ನನಗೆ ನಿದ್ದೆ ಬಂದಿತ್ತು ಎನ್ನುತ್ತಿದ್ದರು.

ಇಷ್ಟೆಲ್ಲ ಬರೆದು ಅವರ ಹೆಸರನ್ನೇ ಬರೆದಿಲ್ಲವಲ್ಲ ಎಂದು ಓದುವವರಿಗೆ ಅನಿಸಬಹುದು. ಒಮ್ಮೆ ಆ ಹೆಸರನ್ನು ಹೇಳಬಾರದ ಕಡೆ ಹೇಳಿದವನು ನಾನೇ ಇರಬಹುದು. ಅವರ ಅಪ್ಪ ಅವ್ವ ಇಟ್ಟ ಹೆಸರು, ನಾನು ಇನ್ನೊಂದು ಸಲ ಯಾರಿಗೂ ಕೊಡುವುದಿಲ್ಲ.

ಕಳೆದ ವಾರ ಮೂಡಿಗೆರೆಗೆ ಹೋಗಿದ್ದೆ. ನನ್ನ ನೆನಪನ್ನು ಎಷ್ಟು ನಂಬಬಹುದು ಎಂದು ನೋಡಬೇಕಿತ್ತು. ಎಸ್ಟೇಟಿನ ದಾರಿಯ ಬಸ್ಸಿನಲ್ಲಿ ಆಗ ಕಂಡಕ್ಟರ್ ಆಗಿದ್ದವರನ್ನು ಅವರ ಮನೆಯಲ್ಲಿ ಹಿಡಿದೆ. ಭಾನುವಾರ ಕೊನೆಯ ಬಸ್ಸು ಎಷ್ಟು ಗಂಟೆಗೆ ಹೊರಡುತ್ತಿತ್ತು ಎಂದು ಕೇಳಿದೆ. ನಾಲ್ಕಕ್ಕೆ ಎಂದರು. “ತಲೆಗೆ ಟವೆಲ್ ಕಟ್ಟಿದ ಒಬ್ಬರು ಹೆಂಗಸು ಪ್ರತೀ ಭಾನುವಾರ ಇಂಟರ್ವಲ್ಲಿಗೆ ಎದ್ದು ಓಡಿಕೊಂಡು ಬರ್ತಿದ್ರು, ಅವರಿಗೋಸ್ಕರ ಒಂದು ನಿಮಿಷ ನಿಲ್ಲಿಸ್ತಿದ್ದೆ” ಎಂದು ನಾನು ಕೇಳದೆಯೇ ಸೇರಿಸಿದರು. ಥಿಯೇಟರಿನಲ್ಲಿ ಗೇಟು ಕಾಯುತ್ತಿದ್ದ ಮುದುಕರು ಈಗಲೂ ಪೇಟೆಯಲ್ಲೇ ಇದ್ದಾರೆ, ಅವರನ್ನೂ ಬೇರೆಯಾಗಿ ವಿಚಾರಿಸಿದೆ. ದಿನದ ಮೊದಲ ಆಟವಾದ ಮ್ಯಾಟ್ನಿ ಶುರುವಾಗುತ್ತಿದ್ದದ್ದು ಎರಡೂವರೆಗೆ, ಮಧ್ಯಂತರ ಮೂರೂಮುಕ್ಕಾಲಿಗೆ, ಸಿನಿಮಾ ಬಿಡುತ್ತಿದ್ದದ್ದು ಐದು ದಾಟಿದ ಮೇಲೆ. ಇಬ್ಬರ ಮಾತೂ ತಾಳೆಯಾಯಿತು. ಪಿಚ್ಚರಕ್ಕ ಯಾವ ಸಿನಿಮಾದ ಉಳಿದರ್ಧವನ್ನೂ ಒಂದು ಸಲವೂ ನೋಡಿರಲಿಲ್ಲ.